ಕಿವೀಲೆ ಕೊಳ್ಳುವುದು

ಗಾಡಿ ಕಿವೀಲೆ ಕೊಳ್ಳಬೇಕು, ಕಣ್ಣೀಲೆ ಅಲ್ಲ.
ಬಾಯ್ನಾದ ಗ್ಯಾರೇಜಿನಲ್ಲಿ ಅಪ್ಪನ ಮಾತು.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ,
ತುಟಿಯಲ್ಲಿ ಬೀಡಿ ತಾನೇ ಆರುವಷ್ಟು ಹೊತ್ತು.
ಆಮೇಲೆ, ಬೋರ್ ಹೋಗೇತಿ.
ಇಲ್ಲವೇ, ತಗೋ.

ಕುಡ್ಚಡೆಯ ಕೈತಾನನ ಅಂಗಳ, ತಗಡಿನ ಮಾಡು.
ಕೆಳಗೆ ನಿಂತಿದೆ ಎತ್ತರದ ಸೀಟು, ಗಂಟುಗಂಟು ಟಯರು,
ಡಾಂಬರಿಗೂ ಸೈ, ಗುಡ್ಡಕ್ಕೂ ಸೈ,
ಪೆಟ್ರೋಲಿನ ಮುಚ್ಚಳ ಇರಬೇಕಾದಲ್ಲಿ
ಪ್ಲಗ್ಗಿನ ತೂತು.
ಕೀಲಿ ತಿರುವಿದ.
ನಾನು ಕಾದೆ.
'ಶುರುವಾಗಿದೆ, ಬಾಯೇ.'
ಅಪ್ಪ ಪಳಗಿಸಿದ ನನ್ನ ಕಿವಿ
ಗುರುತಿನವರಿಲ್ಲದ ಮದುವೆಮನೆಗೆ ಬಂದ ನೆಂಟನಂತೆ
ಬಾಗಿಲಲ್ಲೇ ನಿಂತಿತು.

ಸಾಂಗೆಯ ವಾಡೆವಾಡೆಗೆ ಮೀಟರು ಓದಲು ಹೋಗುವವಳು ನಾನು.
ಯಾರ ಮನೆ ಎಷ್ಟು ಕರೆಂಟು ಕುಡಿಯಿತು, ಬರೆದುಕೊಂಡು
ಅರ್ಧ ಭತ್ಯೆ ಪೆಟ್ರೋಲಿಗೆ ಸುರಿದು ಮನೆಗೆ ಬರುವವಳು.

ಮೊಬೈಲು ಹಿಡಿದು ತೋರಿಸಿದ, ಬ್ಯಾಟರಿಯ ಆರೋಗ್ಯ
ನೂರಕ್ಕೆ ಎಂಬತ್ಮೂರು.
ಹತ್ತನೇ ತರಗತಿಯಲ್ಲಿ ನನಗೂ ಅಷ್ಟು ಬಂದಿರಲಿಲ್ಲ.
'ಒಮ್ಮೆಯೂ ಬಿದ್ದಿಲ್ಲ,' ಅಂದ.
ಎಡ ಹ್ಯಾಂಡಲಿನ ತುದಿ ಸವೆದು ಬೆಳ್ಳಿಯಾಗಿತ್ತು.
ಬೆರಳಿಟ್ಟೆ. ಅವನು ಹಲಸಿನ ಮರ ನೋಡಿದ.

ಒಂದು ಸುತ್ತು ಹೋಗಿ ಬಾ ಅಂದ, ಹೋದೆ,
ನಿಂತುಹೋದ ಗಣಿಯ ಕೆಂಪು ರಸ್ತೆಗೆ.
ಲಾರಿಗಳಿದ್ದಾಗ ಇಲ್ಲಿ ಮಾತು ಕೇಳುತ್ತಿರಲಿಲ್ಲ.
ಈಗ ಏರಿನಲ್ಲಿ, ತೊಡೆಗಳ ನಡುವೆ ಗುಡುಗದ ಬಲ,
ಟಯರಿನಡಿ ಹರಳು ಸಿಡಿದದ್ದು,
ಗಣಿಗುಂಡಿಯ ನೀರಿಗೆ ಏನೋ ದುಡುಂ ಎಂದದ್ದು,
ಎಲ್ಲೋ ಯಾರೋ ಅಕ್ಕಿ ಕೇರುತ್ತಿದ್ದದ್ದು,
ನನ್ನದೇ ಉಸಿರು, ಇಷ್ಟು ದಿನ ಎಲ್ಲಿತ್ತೋ.
ಅದರೊಳಗೆ, ಟಿಕ್.
ತುಸು ತಡೆದು, ಟಿಕ್.
ಚೈನಿನ ಒಂದು ಕೊಂಡಿ, ಬಿಗಿದದ್ದು,
ಸುತ್ತು ಬಂದಾಗೆಲ್ಲ ಚಾಡಿ ಹೇಳುತ್ತಿತ್ತು.

'ಉಪ್ಪುನೀರಿಗೆ ಇಳಿಸಿದ್ದೆಯಾ?'
ಕೈತಾನ್ ಟೊಪ್ಪಿ ತೆಗೆದ.
'ಒಂದೇ ಸಲ. ಬೇತೂಲಿನಲ್ಲಿ, ನೀರು ಇಳಿದಿತ್ತು,
ಹುಣ್ಣಿಮೆ. ಒದ್ದೆ ಮರಳಿನ ಮೇಲೆ
ಏಡಿಗಳು ಕೂಡ ಓಡಲಿಲ್ಲ, ಬಾಯೇ, ಅಷ್ಟು ಸದ್ದಿಲ್ಲದೆ...'
ಹದಿನೆಂಟಕ್ಕೆ ಅವನ ಹಡಗು. ಎಂಟು ತಿಂಗಳು
ಎಂಜಿನ್ ರೂಮಿನಲ್ಲಿ, ಕಿವಿಗೆ ಹತ್ತಿ.
ಏಳು ಸಾವಿರ ಇಳಿಸಿದ.
ನಾನು ಇನ್ನೂ ಒಂದು ಕೇಳಬಹುದಿತ್ತು.
ಕೇಳಲಿಲ್ಲ.

ಬಾಯ್ನಾದಲ್ಲಿ ಎರಡನೇ ಮಹಡಿಯಿಂದ
ಉದ್ದ ವೈರು ಇಳಿಬಿಟ್ಟಿದ್ದೇವೆ, ಒಣಗಿದ ಬಟ್ಟೆಗಳ ನಡುವೆ.
ಹುಸೇನಬಿ ಇಣುಕಿ ಕೇಳಿದಳು,
'ಬಾವಿಗೆ ಹಗ್ಗ ಬಿಟ್ಟಂಗ ಬಿಟ್ಟೀರಲ್ಲ, ನೀರು ಬರತೈತೇನು?'

ಅಪ್ಪ ಸ್ಕ್ರೂಡ್ರೈವರು ತಂದ.
ಹಿಂಗಾಲಿ ಎತ್ತಿ ನಿಲ್ಲಿಸಿ, ತಿರುವು ಅಂದ.
ಮೋಟರಿಗೆ ತುದಿ, ಕಿವಿಗೆ ಹಿಡಿ, ಕಣ್ಣು ಮುಚ್ಚಿ.
ಬೀಡಿ ಆರಿತು.
ಇನ್ನೊಂದು ಹಚ್ಚಿದ. ಅದೂ ಆರಿತು.
ಓಣಿಯ ಹುಡುಗರು ಸುಮ್ಮನಾಗಿದ್ದರು.

'ಚೈನಿಗೆ ಎಣ್ಣಿ ಬಿಡು,' ಅಂದು
ಸ್ಕ್ರೂಡ್ರೈವರು ಒರೆಸುತ್ತ ಒಳಗೆ ಹೋದ.
ಮತ್ತೆ ಹೊರಗೆ ಬಂದು,
'ತಿರುವು ನೋಡೋಣು, ಇನ್ನೊಮ್ಮೆ.'