ಫರಸಿ ಮ್ಯಾಲ ನಿಂಬಿಹನಿ

ವಾಡಿಯ ನಮ್ಮ ಅಡಗಿಮನಿ ಫರಸಿ ಮ್ಯಾಲ
ತಸ್ಲೀಮಾ ಹಿಂಡಿದ ನಿಂಬಿಯ ಒಂದು ಹನಿ ಬಿತ್ತು.
ಚುಂಯ್ ಅಂತು ಕಲ್ಲು. ಸಣ್ಣ ಸಣ್ಣ ಗುಳ್ಳಿ.
"ಅಬ್ಬಾ, ಕಲ್ಲು ಉಸಿರಾಡ್ತದ!"

ಹೂಂ ಮಗಳ.
ಇಲ್ಲೊಂದು ಸಮುದ್ರ ಇತ್ತಂತ,
ಭೀಮಾ ಹರಿಯೋಕಿಂತ ಎಷ್ಟೋ ಮೊದಲ, ಹೆಸರಿಲ್ಲದ್ದು.
ಗಾಳಿ ನುಂಗಿ ನುಂಗಿ
ತಳದಾಗ ಪದರ ಪದರ ಮಡಚಿಟ್ಟು ಹೋಯ್ತು,
ಮದಿವಿ ಸೀರಿ ಟ್ರಂಕಿನಾಗ ಇಟ್ಟಾಂಗ.

ಬಿಚ್ಚೋ ಕೆಲಸ ನಂದು.
ರಾತ್ರಿ ಪಾಳಿ, ಮೂರನೇ ಭಟ್ಟಿ,
ಸಾವಿರದ ನಾನೂರು ಡಿಗ್ರಿ.
ಕಲ್ಲಿದ್ದಲ ಹೊಗಿ ಕಣ್ಣಿಗಿ ಕಾಣ್ತದ, ಮಂದಿ ಬೈತಾರ.
ಕಲ್ಲು ಬಿಟ್ಟ ಉಸಿರಿಗಿ ಬಣ್ಣಿಲ್ಲ, ವಾಸನಿಲ್ಲ,
ಹಾಜರಿ ಪುಸ್ತಕದಾಗ ಹೆಸರಿಲ್ಲ.
ಸುಮ್ಮನ ಮ್ಯಾಲ ಹೋಗಿ ಕೂಡ್ತದ.

ಬಿಸಲಿಗಿ ಒಳಗ ಬರಲಾಕ ಬಿಡ್ತದ,
ಹೊಳ್ಳಿ ಹೊಂಟ ಕಾವಿನ ಕೈ ಬಾಗಿಲದಾಗ ಹಿಡದು
"ಅದೆಂಗ ಹೋಗ್ತೀರಿ? ಕೂಡ್ರಿ, ಚಾ ಕುಡೀರಿ" ಅಂತದ.
ನಮ್ಮೂರ ಕಲ್ಲು, ನಮ್ಮೂರ ಉಪಚಾರ.

ಈಗ ನಸುಕಿನ ಮೂರಕ್ಕೂ
ಮಾಳಗಿ ಮ್ಯಾಲ ಬೆನ್ನಿಗಿ ಫರಸಿ ಬೆಚ್ಚಗ.

ತಸ್ಲೀಮಾ ನಿಂಬಿಸಿಪ್ಪಿ ಹಿಡಕೊಂಡ ನಿಂತಾಳ:
"ಹೊರಗ ಬಂದಿದ್ದು ಮತ್ತ ಒಳಗ ಹಾಕಲಾಕ ಬರ್ತದೇನು?"

ಒದ್ದಿ ಅರಿವಿ ತಗೊಂಡು ಹನಿ ಒರಸಿದೆ.
ಹನಿ ಹೋಯ್ತು.
ಕಲಿ ಉಳೀತು, ಬೆಳ್ಳಗ, ರೂಪಾಯಿ ಅಗಲ.
ಪಾಳಿ ಬಸ್ಸಿನ ಹಾರ್ನು ಕೇಳಿತು.