ಆರು ಸೆಲ್ಲು

ಹತ್ತಿ ಗೋದಾಮಿನೊಳಗೆ ಮಾತಿಗೆ ಮಾರ್ದನಿ ಇರಲಿಲ್ಲ.
ಬೇಲಿನ ಮೇಲೆ ಬೇಲು, ಸೂರಿನ ತನಕ ಬೇಲು;
ಕೂಗಿದರೆ ಕೂಗು ಅಲ್ಲೇ ಹೂತುಹೋಗುತ್ತಿತ್ತು.
ಎಂಬತ್ಮೂರರ ಚಳಿ. ದಾವಣಗೆರೆಯ ಮಿಲ್ಲಿನಲ್ಲಿ
ಎರಡನೇ ಪಾಳಿ ಬಿಟ್ಟ ಮೇಲೆ
ವಾಚ್‌ಮನ್ ಬಕ್ಕಪ್ಪನಿಗೆ ಎರಡು ಕಟ್ಟು ಬೀಡಿ,
ನಮಗೆ ಬೆಳಗಿನ ಸೈರನ್ನಿನವರೆಗೆ ಸ್ಟುಡಿಯೊ.

ಇಪ್ಪತ್ತೆರಡು ನಿಮಿಷದ ಒಂದೇ ಹಾಡು.
ಪಲ್ಲವಿ ಇಲ್ಲ. ಹೋದ ದಾರಿಗೆ ಮರಳುವುದಿಲ್ಲ.
ಇಪ್ಪತ್ತರ ವಯಸ್ಸಿಗೆ ಅದೇ ಒಂದು ಹೆಮ್ಮೆ.
ಕೊಟ್ರೇಶನ ಮುರುಕು ಆರ್ಗನ್ನು, ನನ್ನ ಗಿಟಾರು,
ದಾದಾಪೀರನ ಡ್ರಮ್ಮು:
ತಕಿಟ ತಕಧಿಮಿ, ತಕಿಟ ತಕಧಿಮಿ,
ನೂಲುವ ಯಂತ್ರದಿಂದ ಕದ್ದು ತಂದ ಏಳರ ಎಣಿಕೆ.

ಹದಿನಾಲ್ಕನೇ ನಿಮಿಷಕ್ಕೆ ಕರೆಂಟು ಹೋಯಿತು.

ಗಿಟಾರು ಸತ್ತಿತು. ಆರ್ಗನ್ನು ನರಳಿ ಸತ್ತಿತು.
ಅದರ ಕೊನೆಯ ಸ್ವರವನ್ನು ಕೊಟ್ರೇಶ ಬಾಯಲ್ಲಿ ಹಿಡಿದುಕೊಂಡ.
ರೆಕಾರ್ಡರು ಮಾತ್ರ ಆರು ಸೆಲ್ಲಿನ ಮೇಲೆ ತಿರುಗುತ್ತಲೇ ಇತ್ತು.
ಕತ್ತಲಲ್ಲಿ ದಾದಾಪೀರ ಏಳೇಳು, ಏಳೇಳು
ಎಂಟು ನಿಮಿಷ.

ಮರುದಿನ ಕೇಳಿದರೆ ಲಯ ಓಡುತ್ತಿದೆ,
ಬೆನ್ನಿಗೆ ನಾಯಿ ಬಿದ್ದಂತೆ.
‘ಕತ್ತಲಿಗೆ ಹೆದರಿದ್ಯೇನಲೇ?’
‘ನಾ ಓಡಿಲ್ಲ.’
‘ಹಂಗಾದ್ರೆ ಟೇಪು ಸುಳ್ಳು ಹೇಳ್ತದ?’
ಅವನು ಕೋಲುಗಳನ್ನು ಬೇಲಿನ ಸಂದಿಗೆ ತುರುಕಿ ಹೊರಟ.
ಯಾವ ಊರಿನ ದಾರಕ್ಕೆ ಹೋದವೋ, ಆ ಕೋಲು.
ಕ್ಯಾಸೆಟ್ಟು ಮುನ್ನೂರು ಮಾಡಿಸಿದೆವು, ಎಪ್ಪತ್ತು ಮಾರಿದೆವು.

ಈಗ ಯಾರೋ ಪುಣ್ಯಾತ್ಮರು ಅದನ್ನು ಎಲ್ಪಿ ಮಾಡುತ್ತಾರಂತೆ,
ಕಪ್ಪು ತಟ್ಟೆ, ದಪ್ಪ ರಟ್ಟು, ಜೊತೆಗೆ ದೊಡ್ಡ ಮೇಳ:
ಧಾರವಾಡದಿಂದ ಎಂಟು ಪಿಟೀಲು,
ಮದುವೆ ಸೀಸನ್ ಮುಗಿಸಿದ ಭಜಂತ್ರಿ ಬ್ಯಾಂಡ್‌ಸೆಟ್ಟು,
ಚರ್ಚಿನ ಹಾಲಿನಲ್ಲಿ ಜಯಶೀಲ ಟೀಚರಿನ ನಲವತ್ತು ಕೊರಳು.
ಮೊದಲ ತಾಲೀಮಿಗೇ ಟೀಚರು ಕೈ ಎತ್ತಿದರು:
‘ನಿಮ್ಮ ಶ್ರುತಿ ಏಣಿ ಹತ್ತುತ್ತಿದೆಯಲ್ಲ,
ನನ್ನ ಹುಡುಗಿಯರು ಎಲ್ಲಿಯ ತನಕ ಹತ್ತಬೇಕು?’

ಟೇಪು ತೊಳೆಯುವ ಹುಡುಗಿ ಪ್ರೇರಣಾ
ಹೆಡ್‌ಫೋನು ಕಳಚಿ ನನ್ನನ್ನೇ ನೋಡಿದಳು.
‘ಸಾರ್, ಹಿಂದೆ ಒಬ್ಬರು ಕೆಮ್ಮುತ್ತಾರೆ.
ಮೊದಮೊದಲು ಮುದುಕರ ಕೆಮ್ಮು,
ಕೊನೆಗೆ ಕೂಸಿನ ಕೆಮ್ಮು.
ಡ್ರಮ್ಮಿನವರು ಓಡಿದರೆ
ಬಾಗಿಲಲ್ಲಿ ಕೂತವರ ಗಂಟಲು ಯಾಕೆ ಸಣ್ಣಗಾಗಬೇಕು?’

ಬಕ್ಕಪ್ಪ! ನಿನ್ನ ಬೀಡಿಯ ಎದೆ ಸಾಕ್ಷಿ ಹೇಳಿತು.
ಸೆಲ್ಲು ಸಾಯುತ್ತಿತ್ತು. ಟೇಪು ಕುಂಟುತ್ತಿತ್ತು.
ಕುಂಟುತ್ತಾ ಹಿಡಿದದ್ದು ಓಡುತ್ತಾ ಕೇಳಿಸುತ್ತದೆ.
ಆ ಕೆಮ್ಮನ್ನೇ ಅಳತೆಗೋಲು ಮಾಡಿ ಅವಳು ಟೇಪನ್ನು ಎಳೆದಳು;
ಕೊಟ್ರೇಶನ ಸ್ವರ ನೆಲಕ್ಕಿಳಿಯಿತು,
ಏಳರ ಎಣಿಕೆ ಗಾರೆಯವನ ತೂಗುಗುಂಡಿನಂತೆ
ನೇರ ನಿಂತಿತು.

ಪಿ.ಬಿ. ರಸ್ತೆಯಲ್ಲಿ ಅವನದು ಗಾದಿ ಅಂಗಡಿ.
ಅಲ್ಲೂ ಹತ್ತಿ, ಅಲ್ಲೂ ಮಾರ್ದನಿ ಇಲ್ಲ.
ನಲವತ್ತು ವರ್ಷ ಅದೇ ರಸ್ತೆಯಲ್ಲಿ ಸ್ಕೂಟರು ಓಡಿಸಿದ್ದೇನೆ,
ಆ ಬೋರ್ಡಿನ ಹತ್ತಿರ ಬಂದಾಗೆಲ್ಲ
ಎದುರು ಸಾಲಿನ ಟೈರು ಅಂಗಡಿ ನೋಡುತ್ತಾ.
ಹೇಳಿದೆ. ನಿಂತೇ ಹೇಳಿದೆ.
ದಬ್ಬಣಕ್ಕೆ ದಾರ ಪೋಣಿಸುತ್ತಾ ಕೇಳಿದ:
‘ಸೆಲ್ಲು ತಂದೋನು ಯಾರಲೇ?’

ನಾನು. ಹೊಸ ಸೆಲ್ಲಿಗೆಂದು ಎಲ್ಲರೂ ಹಾಕಿದ ದುಡ್ಡಲ್ಲಿ
ಮಿರ್ಚಿ ಮಂಡಕ್ಕಿ ತಿಂದು, ಅಪ್ಪನ ಟಾರ್ಚು ಬಿಚ್ಚಿ
ಹಳೆಯದನ್ನೇ ತುಂಬಿದವನು ನಾನು.
ಬಾಯಿಬಿಟ್ಟು ಹೇಳಲಿಲ್ಲ. ಅವನಿಗೆ ಬೇಕಾಗಿಯೂ ಇರಲಿಲ್ಲ.

ಹೆಡ್‌ಫೋನು ಕೊಟ್ಟೆ.
ಗಾದಿಯ ಮೇಲೆ ಎರಡು ಬೆರಳು ಆಡತೊಡಗಿದವು.
ಪಿಟೀಲು ಬಂತು, ಬ್ಯಾಂಡಿನ ಕಹಳೆ ಬಂತು,
ಕರೆಂಟು ಹೋದ ಜಾಗದಲ್ಲಿ
ನಲವತ್ತು ಕೊರಳು ಒಮ್ಮೆಗೇ ಎದ್ದವು.
ನನಗೆ ಗಂಟಲು ಕಟ್ಟಿತು.
ಅವನು ಹುಬ್ಬು ಗಂಟಿಕ್ಕಿದ.

‘ಅರ್ಧ ಮಾತ್ರೆ ತಡ ಬರ್ತಾರಲೇ ಇವರು,’ ಎಂದ,
‘ಇನ್ನೊಂದು ಸಲ ಹಾಡ್ಸು.’