ಮೂವತ್ತೆರಡಕ್ಕೆ ಹದಿನೆಂಟು

ಬೇರೆಯವರ ಹಲ್ಲು ಮಾಡುವುದು ನನ್ನ ಕಸುಬು.
ಐ.ಜಿ. ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆ,
ಗುಲಾಬಿ ಮೇಣ, ಪ್ಲಾಸ್ಟರಿನ ಪುಡಿ,
ಕಿಟಕಿಯಲ್ಲಿ ಒಣಗುವ ಹದಿನಾಲ್ಕು ಬಾಯಿ.
ಹಾಗಾಗಿ ಖಲಂದರ್ ಪೆಡಲಿನ ಚಕ್ರವನ್ನು ಬೆಳಕಿಗೆ ಹಿಡಿದು
“ಇದಕ್ಕೆ ಮೂವತ್ತೆರಡು ಹಲ್ಲು ಅಕ್ಕ” ಅಂದಾಗ
ನಗು ತಡೆಯಲಾಗಲಿಲ್ಲ.
ನನ್ನ ಬಾಯಲ್ಲೇ ಇಪ್ಪತ್ತೊಂಬತ್ತು.

ಗೇರಿನ ಸೈಕಲ್ಲು ಇತ್ತು. ಇಪ್ಪತ್ತನಾಲ್ಕು ಗೇರು.
ಹಿರೇಕೊಳಲೆ ಕೆರೆಯ ಹಿಂದಿನ ಕೆಸರಲ್ಲಿ
ಲಂಟಾನದ ಕಡ್ಡಿಯೊಂದನ್ನು ನುಂಗಿ
ಅದರ ಗೇರಿನ ತೋಳು ಮುರಿದ ದಿನ
ಊರತನಕ ತಳ್ಳಿಕೊಂಡು ಬಂದೆ.
ತಳ್ಳುತ್ತ ಲೆಕ್ಕ ಹಾಕಿದೆ:
ಇಪ್ಪತ್ತನಾಲ್ಕರಲ್ಲಿ ನಾನು ಮುಟ್ಟಿದ್ದು ಮೂರು.
ಉಳಿದವು ಮದುವೆಗೆ ಬಂದ ಸ್ಟೀಲು ಪಾತ್ರೆಗಳ ಹಾಗೆ
ಅಟ್ಟದಲ್ಲಿ, ಹೆಸರು ಕೊರೆಸಿಕೊಂಡು.

“ಒಂದೇ ಸಾಕು” ಅಂದೆ.
ಖಲಂದರ್ ಮುಖ ನೋಡಿದ.
“ವಯಸ್ಸೆಷ್ಟು?”
“ನಲವತ್ತಾರು.”
“ನಿಮ್ಮದಲ್ಲ, ಮೊಣಕಾಲಿಂದು.”

ಉಪ್ಪಳ್ಳಿಯ ಅವನ ಅಂಗಡಿಯ ಹಿಂದೆ
ಹಳೇ ಚೌಕಟ್ಟುಗಳು ಕೊಕ್ಕೆಗೆ ನೇತಾಡುತ್ತಿದ್ದವು.
ಅಲ್ಯೂಮಿನಿಯಂದು ಹಗುರ, ಬಣ್ಣವೂ ಚೆಂದ,
ಆದರೆ ಹಿಂದಿನ ಗಾಲಿ ಕೂರುವ ಸೀಳು ನೆಟ್ಟಗೆ ಕೆಳಕ್ಕೆ.
“ಚೈನು ಸಡಿಲಾದರೆ ಹಿಂದೆ ಎಳೆಯೋಕೆ ಜಾಗ ಎಲ್ಲಿದೆ?
ಇಂಥದ್ದು ಬೇಕು ನೋಡಿ.”
ಹಸಿರು ಉಕ್ಕಿನದೊಂದನ್ನು ಇಳಿಸಿದ.
ಅದರ ಸೀಳು ಅಡ್ಡಕ್ಕೆ,
ಕಿರುಬೆರಳು ಹೋಗಿ ಬರುವಷ್ಟು ಉದ್ದ.
ಎತ್ತಿ ನೋಡಿದೆ. ಭಾರ.
ಕೆಳಗಿಡಲು ಮನಸ್ಸಾಗಲಿಲ್ಲ.

ಮುಂದೆ ಮೂವತ್ತೆರಡು ಸರಿ. ಹಿಂದೆ?
ಹದಿನಾರು ಹಾಕಿಸಿ ಕೈಮರದ ಕಡೆ ಹೊರಟೆ.
ಮೊದಲ ಏರಿನಲ್ಲೇ ಪೆಡಲು ನಿಂತಿತು,
ಅದರ ಮೇಲೆ ನಾನೂ ನಿಂತೆ,
ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದು
ಪಕ್ಕಕ್ಕೆ ಬಿದ್ದೆವು.
ಇಪ್ಪತ್ತು ಹಾಕಿಸಿದೆ. ಏರು ಹತ್ತಿತು,
ಬೇಲೂರು ರಸ್ತೆಯ ಸಮತಟ್ಟಿನಲ್ಲಿ ಮಾತ್ರ
ಮಜ್ಜಿಗೆ ಕಡೆದ ಹಾಗೆ ಕಾಲು, ಬೆಣ್ಣೆ ಬರಲಿಲ್ಲ.
ಶಾಲೆಯ ಹುಡುಗಿಯೊಬ್ಬಳು ಬೆಲ್ಲು ಹೊಡೆದು ಮುಂದೆ ಹೋದಳು.
“ಹದಿನೆಂಟು” ಅಂದ ಖಲಂದರ್.
“ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ತಪ್ಪು. ಅದೇ ಸರಿ.”

ಗಾಲಿ ನನ್ನ ಹಳೆಯದೇ.
ಎಂಟು ಹಲ್ಲುಚಕ್ರ ಕೂತಿದ್ದ ಕಡೆ ಈಗ ಒಂದು,
ಅತ್ತಿತ್ತ ಬಚ್ಚಲಿನ ಪೈಪು ಕೊಯ್ದು ಮಾಡಿದ ಬಳೆ.
ತಿರುಗಿಸಿದರೆ ಕಟಕ್, ಕಟಕ್.
ಗೊತ್ತಿದ್ದ ಸದ್ದು ಅದು:
ಹೊಸ ಸೆಟ್ಟು ಹಾಕಿಕೊಂಡ ಪುಟ್ಟನಂಜಮ್ಮ
ನನ್ನೆದುರೇ ಚಕ್ಕುಲಿ ಕಡಿದು ತೋರಿಸಿದ್ದಳು.
ಕಚ್ಚು ಕೂತಿಲ್ಲ.
ಮುಂದಿನ ಹಲ್ಲಿಂದ ಹಿಂದಿನ ಹಲ್ಲಿಗೆ ನೂಲು ಹಿಡಿದೆ.
ಎರಡು ಮಿಲಿಮೀಟರು ಆಚೆ.
ಬಳೆಯೊಂದನ್ನು ಬಿಚ್ಚಿಸಿ, ಕರವಸ್ತ್ರದಲ್ಲಿ ಕಟ್ಟಿ ತಂದು
ಹಲ್ಲು ಸವೆಸುವ ಕಲ್ಲಿಗೆ ಕೊಟ್ಟೆ.
ಬಿಳಿ ಪುಡಿ ಕಿಟಕಿಯ ಬಾಯಿಗಳ ಮೇಲೆ ಇಳಿಯಿತು.

ಆಮೇಲೆ ಗಾಲಿಯನ್ನು ಸೀಳಿನಲ್ಲಿ ಹಿಂದಕ್ಕೆಳೆದು ನಟ್ಟು ಬಿಗಿದ.
ಬೆರಳಲ್ಲಿ ಒತ್ತಿದರೆ ಚೈನು ಅರ್ಧ ಇಂಚು ಮಣಿಯಬೇಕು,
ಹೆಚ್ಚಾದರೆ ಕಳಚುತ್ತೆ, ಕಡಿಮೆಯಾದರೆ ಗುರುಗುಟ್ಟುತ್ತೆ.
ಪೆಡಲು ತಿರುಗಿಸಿದ.
ಪಕ್ಕದ ಹೋಟೆಲಿನ ಸೌಟು ಕೇಳಿಸಿತು.

ಭಾನುವಾರ, ಕೈಮರ ದಾಟಿ ಮೂರನೇ ತಿರುವು.
ಹೆಬ್ಬೆರಳು ಹಳೇ ಅಭ್ಯಾಸಕ್ಕೆ
ಹ್ಯಾಂಡಲಿನಲ್ಲಿ ಇಲ್ಲದ ಗುಂಡಿ ಹುಡುಕಿತು.
ಸೀಟಿನಿಂದ ಎದ್ದೆ. ಹಲ್ಲು ಕಚ್ಚಿದೆ,
ಮೂವತ್ತೆರಡು, ಹದಿನೆಂಟು, ಇಪ್ಪತ್ತೊಂಬತ್ತು.
ನಾಲ್ಕನೇ ತಿರುವಿಗೆ ಇಳಿದು ತಳ್ಳತೊಡಗಿದೆ.
ಮೇಲಿಂದ ಬಂದ ಜೀಪು ನಿಂತಿತು.
“ಕೆಟ್ಟೋಯ್ತಾ ಮೇಡಂ?”
“ಇಲ್ಲ” ಅಂದೆ, ಉಸಿರು ಸಿಕ್ಕಿದ ಮೇಲೆ,
“ಅದು ಚೆನ್ನಾಗಿದೆ.”